ಟಿಕೀಟಿಲ್ಲದ ಶುಕ್ರವಾರ

ಮದುವೆಯಾಗಿ ಇಷ್ಟು ವರ್ಷವಾದರೂ ಮಾದೇವಿ ಅಣ್ಣಿಗೇರಿಯಿಂದ ಆಚೆ ನೋಡಿದ್ದೆಂದರೆ ತವರಾದ ಕುಂದಗೋಳ, ಮತ್ತೆ ಹರಕೆ ಹೊತ್ತು ಹೋಗಿಬಂದ ಯಮನೂರು, ಅಷ್ಟೇ. ಗಂಡ ಹುಲಿಗೆಪ್ಪ ಅರಳೆಯ ಜಿನ್ನಿನಲ್ಲಿ ಕೂಲಿ. ಹಂಗಾಮು ಮುಗಿದು ಜಿನ್ನು ಬಾಗಿಲು ಹಾಕಿತೆಂದರೆ ಅವನಿಗೆ ಬೇಕಾದಷ್ಟು ಬಿಡುವು, ಕಿಸೆ ಮಾತ್ರ ಬರಿದು. ಎಪ್ಪತ್ತಾರನೆಯ ಇಸವಿಯ ಅಂಥ ಬಿಡುವಿನಲ್ಲೇ ಬಿಜಾಪುರ ನೋಡುವ ಮಾತು ಹುಟ್ಟಿತು. ಹುಟ್ಟಿಸಿದವಳು ಅದೇ ಓಣಿಯ ಜಮಾಲಬಿ. ಅವಳ ತವರು ಬಿಜಾಪುರ.

“ರೊಕ್ಕ ಯಾಕ ಬೇಕ ಬೇ? ಗಾಡಿ ಚಾರ್ಜ ಒಂದ ಇದ್ರ ಸಾಕು. ರೊಟ್ಟಿ ಕಟಗೊಂಡ ಹೋಗ್ರಿ, ನಮ್ಮಕ್ಕ ರಜಿಯಾಬಿ ಮನಿ ಕಟ್ಟಿ ಮ್ಯಾಲ ಮಲಕೋರಿ. ಶುಕ್ರವಾರ ಹೋದ್ರ ಗೋಲಗುಮ್ಮಟಕ್ಕ ಟಿಕೀಟೂ ಇಲ್ಲ,” ಎಂದಳು ಜಮಾಲಬಿ.

ಮಾದೇವಿಗೆ ಆಸೆಯೂ ಆಯಿತು, ಅಂಜಿಕೆಯೂ ಆಯಿತು. ಆ ವರ್ಷ ಎಲ್ಲಿ ನೋಡಿದರೂ, ಮಕ್ಕಳಾಗದಂತೆ ಸರಕಾರದವರು ಗಂಡಸರನ್ನು ಹಿಡಿದು ಮಾಡಿಸುವ ಆಪರೇಷನ್ನಿನದೇ ಮಾತು. ಜೀಪಿನ ಸಪ್ಪಳ ಕೇಳಿದರೆ ಸಾಕು, ಊರ ಗಂಡಸರು ಹೋಗಿ ಜೋಳದ ಹೊಲದಲ್ಲಿ ಕೂಡುತ್ತಿದ್ದರು. ಎರಡು ಸಲ ಬಸಿರು ನಿಂತು ಇಳಿದುಹೋಗಿದ್ದ ಮಾದೇವಿಗೆ ಆ ಮಾತು ಕೇಳುವುದೇ ಬೇಡವಾಗಿತ್ತು.

“ಅದೆಲ್ಲಾ ಮಕ್ಕಳಿದ್ದಾವ್ರಿಗೆ,” ಎಂದು ಹುಲಿಗೆಪ್ಪ ಅವಳ ಬಾಯಿ ಮುಚ್ಚಿಸಿದ. “ನಡಿ, ಹೋಗೂಣು.”

ಗುರುವಾರ ಮಧ್ಯಾಹ್ನ ಪ್ಯಾಸೆಂಜರ್ ಗಾಡಿ ಬಿಜಾಪುರ ಮುಟ್ಟುವ ಮೊದಲೇ ಕಿಟಕಿಯಿಂದ ಗುಮ್ಮಟ ಕಂಡಿತು. ಬಯಲಿನಲ್ಲಿ ಯಾರೋ ದೊಡ್ಡ ಮಣ್ಣಿನ ಹರವಿ ಬೋರಲು ಹಾಕಿದ ಹಾಗಿತ್ತು. ಟಾಂಗಾದವನು ಬೆನ್ನು ಹತ್ತಿದರೂ ಅವರು ಹತ್ತಲಿಲ್ಲ. ಕೇಳಿಕೊಂಡು ಕೇಳಿಕೊಂಡು ನಡೆದರು. ಬುರುಜಿನ ಮೇಲಿನ ಫಿರಂಗಿ ತೋಪಿಗೆ ಮಾದೇವಿ ಕೆನ್ನೆ ಹಚ್ಚಿ ನೋಡಿದಳು. ಇಡೀ ದಿನ ಬಿಸಿಲಿಗೆ ಕಾದರೂ ಅದು ನೀರಿನ ಕೊಡದಂತೆ ತಣ್ಣಗಿತ್ತು. ಬಾರಾ ಕಮಾನಿನ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ತಿಂದರು. ಚಾವಣಿಯೇ ಇಲ್ಲದ ಆ ಕಮಾನುಗಳ ನಡುವೆ ಗಿಳಿಗಳು ಹಾರಾಡುತ್ತಿದ್ದವು. “ಅರಸರ ಮನ್ಯಾಗ ಉಂಡಂಗಾತು ನೋಡು,” ಎಂದ ಹುಲಿಗೆಪ್ಪ. ಮಾದೇವಿ ನಕ್ಕಳು. ದೂರದಲ್ಲಿ ಯಾವುದೋ ಮೋಟರಿನ ಸಪ್ಪಳವಾಗಿ ಅವಳ ನಗೆ ಅರ್ಧಕ್ಕೇ ನಿಂತಿತು. ಅದು ಹಾಲಿನ ಗಾಡಿ.

ಮರುದಿನ ಬೆಳಿಗ್ಗೆ ರಜಿಯಾಬಿ ಚಹಾ ಕೊಡುತ್ತ ಹುಲಿಗೆಪ್ಪನ ತಲೆ ನೋಡಿದಳು. ಹಣ್ಣುಹಣ್ಣು ಮುದುಕಿ, ಕಣ್ಣು ಮಾತ್ರ ಚುರುಕು.

“ಬೇಟಾ, ಆ ಕೆಂಪ ರುಮಾಲು ತಗದಿಡು. ಹಳ್ಳ್ಯಾಂವ ಅಂತ ದೂರಿಂದನ ಗೊತ್ತಾಗತೈತಿ. ಮೊನ್ನೆ ಸ್ಟ್ಯಾಂಡಿನ್ಯಾಗ ನಿಂತಾಂವನ್ನ ಜೀಪಿನ್ಯಾಗ ಹಾಕ್ಕೊಂಡ ಹೋದ್ರು.”

“ನನಗಿನ್ನ ಒಂದೂ ಮಕ್ಕಳಿಲ್ಲರಿ. ನನ್ನ ಯಾಕ ಒಯ್ತಾರ?”

“ಒಯ್ಯುಮುಂದ ಯಾರ ಕೇಳತಾರ?”

ಮಾದೇವಿ ಗಂಡನ ಮುಖ ನೋಡಿದಳು. “ಇವತ್ತ ಊರಿಗೇ ಹೋಗೂಣೇನ್ರಿ?”

“ಇಷ್ಟ ದೂರ ಬಂದು ಗುಮ್ಮಟ ನೋಡದ ಹೋಗೂದನ? ರುಮಾಲ ಬಿಟ್ಟ ಹೊರಗ ಬೀಳಾಕ ನಾ ಏನ ಸೂತಕದಾಗ ಅದೇನಿ?” ಎಂದ ಹುಲಿಗೆಪ್ಪ, ಬೇಕೆಂದೇ ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡ.

ಗುಮ್ಮಟದ ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟಾಗಿದ್ದವು, ಕತ್ತಲು ಬೇರೆ. ಬಾವಲಿಗಳ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮೇಲೆ ಹತ್ತಿ ಗುಮ್ಮಟದ ಒಳಸುತ್ತಿಗಿರುವ ಮೊಗಸಾಲೆಗೆ ಬಂದು ಕಟಾಂಜನದಿಂದ ಕೆಳಗೆ ಬಗ್ಗಿ ನೋಡಿದ್ದೇ ಹುಲಿಗೆಪ್ಪನಿಗೆ ತಲೆ ತಿರುಗಿತು. ಗೋರಿಗಳ ಸುತ್ತ ತಿರುಗುವ ಜನ ಕಾಳಿನಷ್ಟು ಕಾಣುತ್ತಿದ್ದರು.

“ನೀ ನೋಡಿ ಬಾ. ನಾ ಕೆಳಗ ಕುಂತಿರತೇನಿ,” ಎಂದು ಬೆವರು ಒರೆಸಿಕೊಳ್ಳುತ್ತ ಅವನು ಇಳಿದುಹೋದ.

ಮಾದೇವಿ ಒಬ್ಬಳೇ ಗೋಡೆಗೆ ಆತುಕೊಂಡು ಕೂತಳು. ಗೋಡೆಗೆ ಕಿವಿ ಹಚ್ಚಿದರೆ ಆಚೆ ಬದಿಯಲ್ಲಿ ಪಿಸುಗುಟ್ಟಿದ್ದೂ ಕೇಳುತ್ತದೆ ಎಂದು ಜಮಾಲಬಿ ಹೇಳಿದ್ದಳು. ಕಿವಿ ಹಚ್ಚಿದಳು. ಮೊದಲು ಬಳೆಯ ಸಪ್ಪಳ, ಯಾರದೋ ಕೆಮ್ಮು. ಆಮೇಲೆ ಒಂದು ಗಂಡು ದನಿ ಕಿವಿಯಲ್ಲೇ ಉಸುರಿದಷ್ಟು ಹತ್ತಿರದಿಂದ ಬಂತು.

“ಕೆಳಗ ಕೆಂಪ ರುಮಾಲಿನಾಂವ ಕುಂತಾನ ನೋಡು. ಒಬ್ಬನ ಅದಾನ.”

“ಹಳ್ಳ್ಯಾಂವನ?” ಎಂದಿತು ಇನ್ನೊಂದು ದನಿ.

“ಹ್ಞೂಂ. ಜೀಪ ಬಾಗಲಕ್ಕ ತರಸು. ಚಾ ಕುಡಸತೇವಿ ಬಾ ಅಂತ ಹೇಳೂಣು. ಸಂಜಿಯೊಳಗ ಇನ್ನೊಂದ ಕೇಸ್ ಕೊಡದಿದ್ರ ಸಾಹೇಬ ನನ್ನ ಪಗಾರ ಹಿಡಿತಾನ.”

ಮಾದೇವಿ ತಲೆ ಎತ್ತಿದಳು. ಗುಮ್ಮಟದೊಳಗಿನ ಅಷ್ಟು ದೊಡ್ಡ ಬಯಲಿನ ಆಚೆ, ಕಟಾಂಜನದ ಮೇಲೆ ಬಿಳಿ ಅಂಗಿಯ ಇಬ್ಬರು ಕೆಳಗೆ ಬಗ್ಗಿ ನಿಂತಿದ್ದರು. ಒಬ್ಬ ಬೆರಳು ಮಾಡಿ ತೋರಿಸುತ್ತಿದ್ದ. ಆ ಬೆರಳಿನ ನೇರಕ್ಕೆ ಕೆಳಗೆ ಅವಳ ಗಂಡ ಕೂತು ಗೋಡೆಯ ಗಾರೆ ನೋಡುತ್ತಿದ್ದ.

ಅವರಿಗಿಂತ ಮೊದಲು ಇಳಿಯುವುದು ಆಗದ ಮಾತು. ಅವರು ಆಗಲೇ ಮೆಟ್ಟಿಲಿನ ಬಾಗಿಲಿಗೆ ತಿರುಗಿದ್ದರು. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಿಬಿಟ್ಟು ಕರೆದವಳಲ್ಲ. ಈಗ ಕಟಾಂಜನದ ಕಟ್ಟೆಯ ಮೇಲೆ ಎದೆಯೂರಿ ಜೀವ ಬಿಟ್ಟು ಕೂಗಿದಳು.

“ಹುಲಿಗೆಪ್ಪಾ! ಓಡೋ!”

ಆ ಕೂಗು ಸುತ್ತೆಲ್ಲ ಬಡಿದು ಮತ್ತೆ ಮತ್ತೆ ತಿರುಗಿ ಬಂತು. ಬರಬರುತ್ತ ಅದು ಹೆಸರಾಗಿ ಉಳಿಯದೆ ಬರೀ ಗರ್ಜನೆಯಾಯಿತು. ಪಾರಿವಾಳಗಳು ಎದ್ದು ಹಾರಿದವು. ಕೆಳಗೆ ಹುಲಿಗೆಪ್ಪ ಎದ್ದುನಿಂತು ಮೇಲೆ ನೋಡಿದ. ಅವಳು ಎರಡೂ ಕೈ ಬೀಸಿ ಬಾಗಿಲು ತೋರಿಸಿದಳು. ಅವನಿಗೆ ಏನು ತಿಳಿಯಿತೋ, ಕಾಲಿಗೆ ಬುದ್ಧಿ ಹೇಳಿದ.

ಆ ಇಬ್ಬರು ಬಂದು ಅವಳನ್ನು ಅಡ್ಡಗಟ್ಟಿದರು.

“ಯಾರನ್ನ ಕರದಿ?”

“ಯಾರನ್ನೂ ಇಲ್ಲರಿ. ಏಳ ಸಲ ಕೇಳತೈತಿ ಅಂದ್ರು, ಕೂಗಿದೆ.”

“ಯಾರ ಹೆಸರ ಕೂಗಿದಿ ಮತ್ತ?”

“ನಮ್ಮ ಮನಿದೇವ್ರದರಿ. ಹುಲಿಗೆವ್ವಾ ಅಂತ ಕೂಗಿದೆ,” ಎಂದಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಬೈದುಕೊಳ್ಳುತ್ತ ದಡದಡ ಇಳಿದ, ಇನ್ನೊಬ್ಬ ಅವನ ಹಿಂದೆ. ಕತ್ತಲ ಮೆಟ್ಟಿಲುಗಳಲ್ಲಿ ಅವರ ಬೂಟಿನ ಸಪ್ಪಳ ನಿಂತ ಮೇಲೂ ಮಾದೇವಿ ಎಷ್ಟೋ ಹೊತ್ತು ಹೆಜ್ಜೆ ಕೀಳಲಿಲ್ಲ.

ಕೆಳಗೆ ಗಂಡನಿರಲಿಲ್ಲ. ಹೊರಗೆ ಜೀಪೂ ಇರಲಿಲ್ಲ. ಅದು ಖಾಲಿ ಹೋಯಿತೋ, ಅವನನ್ನು ಹಾಕಿಕೊಂಡೇ ಹೋಯಿತೋ? ಯಾರನ್ನು ಕೇಳುವುದು? ಕೇಳಿದವನು ಅವರ ಕಡೆಯವನೇ ಆಗಿದ್ದರೆ? ನಿನ್ನೆ ಸಂಜೆ ಕಣ್ತುಂಬ ನೋಡಿದ ಊರು ಇವತ್ತು ಅವಳಿಗೆ ಬೇರೆಯೇ ಆಗಿತ್ತು. ಒಂದೊಂದು ಕಮಾನಿನ ಸಂದಿಯಲ್ಲೂ ಬಿಳಿ ಅಂಗಿ ನಿಂತ ಹಾಗೆ ಕಾಣುತ್ತಿತ್ತು. ಎರಡು ಸಲ ದಾರಿ ತಪ್ಪಿ, ಅಳುತ್ತ ಅವಳು ರಜಿಯಾಬಿಯ ಮನೆ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಅವನು ಅಲ್ಲಿಗೂ ಬಂದಿರಲಿಲ್ಲ.

ನಡೆದದ್ದು ಕೇಳಿ ರಜಿಯಾಬಿ ನೀರು ಕೊಟ್ಟು ಬಾಜು ಕೂತಳು. ದವಾಖಾನೆಗೆ ಹೋಗಿ ನೋಡುವುದೆಂದು ಇಬ್ಬರೂ ಎದ್ದು ಸೆರಗು ಹೊದ್ದುಕೊಳ್ಳುವಷ್ಟರಲ್ಲಿ, ನಮಾಜು ಮುಗಿಸಿ ಬರುತ್ತಿದ್ದ ಜನದ ನಡುವೆ ಹುಲಿಗೆಪ್ಪ ಕಾಣಿಸಿದ. ರುಮಾಲನ್ನು ಬಿಚ್ಚಿ ನಮಾಜಿನವರ ಹಾಗೆ ತಲೆಯ ಮೇಲೆ ಹೊದ್ದುಕೊಂಡಿದ್ದ.

ಜೀಪು ಬೆನ್ನು ಹತ್ತಿದಾಗ ಅವನು ಜುಮ್ಮಾ ಮಸೀದಿಗೆ ನುಗ್ಗಿದ್ದ. ಅಂಗಳದ ನೀರಿನ ಹೌಜಿನ ದಂಡೆಯಲ್ಲಿ ಎಲ್ಲರ ಹಾಗೆ ಕಾಲು ತೊಳೆದು ಸಾಲಿನಲ್ಲಿ ಕೂತ. ಬಾಜುವಿನ ಮುದುಕ ಅವನ ಮೊಣಕಾಲ ಮೇಲೆ ಕೈಯಿಟ್ಟನಂತೆ, ಯಾರು ಎತ್ತ ಎಂದು ಕೇಳಲಿಲ್ಲವಂತೆ.

“ಒಳಗ ಒಂದ ಗ್ವಾಡಿ ಐತಿ ಮಾದೇವಿ, ತುಂಬ ಬಂಗಾರದ ಬಣ್ಣ. ನೀ ನೋಡಬೇಕಿತ್ತು...” ಎಂದು ಹೇಳಹೋದವನ ದನಿ ಒಡೆಯಿತು. ಮಾದೇವಿ ಅವನ ಎದೆಗೆ ಗುದ್ದಿದಳು. ಆಮೇಲೆ ಅವನ ಅಂಗಿ ಹಿಡಿದು ಅತ್ತಳು.

ಮರುದಿನ ಮೊದಲ ಗಾಡಿಗೆ ಹೊರಟರು. ರಜಿಯಾಬಿ ಸ್ಟೇಷನ್ನಿನವರೆಗೂ ಬಂದಳು. ಗದಗಿನಲ್ಲಿ ಗಾಡಿ ಬದಲಿಸಿ ಕೂತಾಗ ಎದುರಿಗೆ ಕಾಯಿಪಲ್ಲೆಯ ಬುಟ್ಟಿ ಇಟ್ಟುಕೊಂಡ ಹೆಂಗಸು, ಅವಳ ಪಕ್ಕದಲ್ಲಿ ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡ ಬಿಳಿ ಅಂಗಿಯವನೊಬ್ಬ. ಹೆಂಗಸು ಸುಮ್ಮನೆ ಮಾತಿಗೆಂದು ಕೇಳಿದಳು: “ಎಷ್ಟ ಮಕ್ಕಳವ್ವಾ ನಿನಗ?”

ಬಿಳಿ ಅಂಗಿಯವನು ತಲೆ ಎತ್ತಿ ನೋಡಿದ. ಅಷ್ಟಕ್ಕೇ ಮಾದೇವಿ ಗಂಡನ ತೋಳು ಹಿಡಿದಳು.

“ಇವರದು ಆಪರೇಷನ್ ಆಗೇತ್ರಿ,” ಎಂದುಬಿಟ್ಟಳು.

ಹೆಂಗಸು “ಅಯ್ಯ, ಇಷ್ಟ ಸಣ್ಣ ವಯಸ್ಸಿನ್ಯಾಗ?” ಎಂದು ಲೊಚಗುಟ್ಟಿದಳು. ಬಿಳಿ ಅಂಗಿಯವನು ಆಕಳಿಸಿ ಕಿಟಕಿಯ ಕಡೆ ತಿರುಗಿಕೊಂಡ. ಹುಲಿಗೆಪ್ಪ ತಿರುಗಿ ಹೆಂಡತಿಯನ್ನು ನೋಡಿದ. ಆಗ ಮಾದೇವಿಗೆ ತಾನು ಆಡಿದ್ದೇನೆಂದು ತಿಳಿಯಿತು. ಮೇಲಿರುವ ದೇವತೆಗಳು ಯಾರಾದರೂ ಅಸ್ತು ಅಂದರೆ? ಅಂಗೈಯಿಂದ ಬಾಯಿ ಒತ್ತಿ ಹಿಡಿದು, ಅಣ್ಣಿಗೇರಿ ಬರುವವರೆಗೆ ಅವಳು ಹುಲಿಗೆವ್ವನಲ್ಲಿ ಒಳಗೊಳಗೇ ತಪ್ಪಾಯಿತು ತಪ್ಪಾಯಿತು ಎನ್ನುತ್ತ ಕೂತಳು.