ಪೈಲವಾನನ ಬೆನ್ನ ಹಿಂದಿನ ಜಾಗ

ನಾನು ಶೇಪರ್ ಯಂತ್ರ, ಕಬ್ಬಿಣವನ್ನು ಬೆಣ್ಣೆಯ ಹಾಗೆ ಕೆತ್ತುವವನು. ನನ್ನನ್ನು ಎರಕ ಹೊಯ್ದ ದಿನ ಕುಲುಮೆಯ ಕಾವು ಸಾಲದೆ ಸೂರ್ಯನನ್ನೇ ಇಳಿಸಿ ತಂದಿದ್ದರು. ನಂಬದಿದ್ದರೆ ಬಿಡಿ. ನನ್ನ ನೆತ್ತಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುವ ಉಕ್ಕಿನ ತೋಳಿದೆ, ಅದರ ತುದಿಗೆ ಉಳಿ. ಆ ತೋಳನ್ನು ಒಮ್ಮೆ ಬೀಸಿದರೆ ಬೆಳಗಾವಿ ನಡುಗಿ ಧಾರವಾಡದಲ್ಲಿ ಕಪ್ಪು-ಬಸಿ ಗಲಗಲ ಎನ್ನುತ್ತಿದ್ದವು.

ಮೊದಲು ಸಕ್ಕರೆ ಕಾರ್ಖಾನೆಯೊಂದರಲ್ಲಿದ್ದೆ. ಅಲ್ಲಿ ಇಲಿಗಳೂ ಸಿಹಿ. ಅಲ್ಲಿಂದ ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್ ಸಾವ್ಕಾರರ ಕೈಗೆ ಬಂದೆ. ನನ್ನನ್ನು ನಡೆಸುವ ಬಾಳಪ್ಪ ನನಗೆ ಪೈಲವಾನ ಎಂದು ಹೆಸರಿಟ್ಟ.

ಸಾವ್ಕಾರರು ಹೊಸ ಶೆಡ್ಡು ಕಟ್ಟಿಸಲು ಹೊರಟರು. ಯಾವ ಯಂತ್ರಕ್ಕೆ ಎಷ್ಟು ಜಾಗ ಬೇಕೆಂದು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಲು ಶುಭಾಂಗಿ ಎಂಬ ಇಂಜಿನಿಯರ್ ಹುಡುಗಿಯನ್ನು ಕರೆಸಿದರು. ಯಂತ್ರಗಳೆಲ್ಲ ನಿಂತಿರುತ್ತವೆ ಎಂದು ಅವಳು ಅಳತೆಗೆ ಬಂದದ್ದು ಆಯುಧ-ಯಂತ್ರಗಳನ್ನು ಪೂಜಿಸುವ ಖಂಡೇಪೂಜೆಯ ದಿನ. ಬಾಳಪ್ಪ ನನ್ನನ್ನು ಒರೆಸಿ, ತೋಳನ್ನು ನಡುಮಧ್ಯಕ್ಕೆ ತಂದು ನಿಲ್ಲಿಸಿ, ಚೆಂಡುಹೂವಿನ ಮಾಲೆ ಹಾಕಿದ್ದ.

"ಕಾಕಾ, ಒಮ್ಮೆ ಚಾಲೂ ಮಾಡಿ ತೋರಸ್ರಲ್ಲ."

"ಏ, ಇವತ್ತ ಮುಟ್ಟೂ ಹಂಗಿಲ್ರೀ ಅಕ್ಕಾರ. ವರ್ಷೆಲ್ಲ ದುಡದಾನ, ಇವತ್ತ ಅಂವ ದೇವ್ರು. ಇದ್ದಂಗ ಅಳೀರಿ, ಎಲ್ಲಿಗಿ ಓಡಿ ಹೊಕ್ಕಾನ?"

ಅವಳು ನಕ್ಕು ಅಳೆದಳು. ನಾನೂ ಬಿಂಕದಿಂದ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ.

ಪರದೆಯ ಮೇಲೆ ನಾನೊಂದು ನೀಲಿ ಡಬ್ಬಿಯಾದೆ. ಬೆಳಗಾವಿ ನಡುಗಿಸಿದವನು, ಡಬ್ಬಿ! ಅವಳು ಡಬ್ಬಿಯನ್ನು ತಿರುಗಿಸಿ ಮೂಲೆಗೆ ತಳ್ಳಿದಳು. ಜಾಗ ಸಾಕು ಎಂದಿತು ಕಂಪ್ಯೂಟರು. ಹಾಗೆಯೇ ನನ್ನನ್ನು ನಿಲ್ಲಿಸಿ, ಆಮೇಲೆ ಸುತ್ತ ಗೋಡೆ ಎಬ್ಬಿಸಿದರು.

ಹೊಸ ಶೆಡ್ಡಿನ ಮೊದಲ ದಿನ ಬಾಳಪ್ಪ ನನ್ನ ಪೌರುಷ ತೋರಿಸಲೆಂದು ತೋಳಿಗೆ ಪೂರ್ತಿ ಓಟ ಕೊಟ್ಟ. ಶುಭಾಂಗಿ ನಕ್ಷೆ ಹಿಡಿದು ಗೋಡೆಗೂ ನನಗೂ ನಡುವಿನ ಸಂದಿಯಲ್ಲಿ ನಿಂತಿದ್ದಳು. ಮುಂದೆ ನಿಂತ ಬಾಳಪ್ಪನಿಗೆ ಅವಳು ಕಾಣಲಿಲ್ಲ. ಸ್ವಿಚ್ಚು ಬಿತ್ತು. ತೋಳು ಮುಂದೆ ಹೋಯಿತು, ಹಿಂದಕ್ಕೆ ಬಂತು, ನನ್ನ ಬೆನ್ನು ದಾಟಿ ಇನ್ನೂ ಹಿಂದಕ್ಕೆ ಬಂತು.

"ಕಾಕಾ!"

ಬಾಳಪ್ಪ ಸ್ವಿಚ್ಚಿಗೆ ಹೊಡೆದ. ತೋಳು ಅವಳ ಪಕ್ಕೆಲುಬಿಗೆ ಒತ್ತಿ ನಿಂತಿತು. ಬೆನ್ನಿಗೆ ಗೋಡೆ. ಅವಳಿಗೆ ಅರ್ಧ ಉಸಿರಿನಷ್ಟೇ ಎಡೆ.

"ಸ್ವಿಚ್ಚ ಹಚ್ಚೋ, ತೋಳ ಮುಂದ ಹೊಕ್ಕತಿ!" ಎಂದು ಬಾಗಿಲಲ್ಲಿದ್ದ ಸಾವ್ಕಾರರು ಕಿರುಚಿದರು.

"ಹಚ್ಚಬ್ಯಾಡ್ರಿ..." ಸಂದಿಯೊಳಗಿಂದ ಶುಭಾಂಗಿಯ ದನಿ. "ಹಿಂದ ಬರಾಕತ್ತಿತ್ತು. ಹಚ್ಚಿದ್ರ ಮತ್ತ ಹಿಂದನ ಬರತೈತಿ."

ಬಾಳಪ್ಪ ಬೆಲ್ಟಿನ ಗಾಲಿಯನ್ನು ಕೈಯಿಂದಲೇ ಉಲ್ಟಾ ತಿರುಗಿಸಲು ನಿಂತ. "ಬಿಡೋ ಪೈಲವಾನ, ಬಿಡೋ ನಮ್ಮಪ್ಪ!" ನೂರು ಆನೆ ಎಳೆದರೂ ಕದಲದವನು ನಾನು. ಅಂದು ಮಾತ್ರ ಹೂವಿನಷ್ಟು ಹಗುರಾಗಬೇಕೆನಿಸಿತು. ಬಾಳಪ್ಪನ ಅಂಗೈ ಸುಲಿಯಿತು. ಗಾಲಿ ಕೊಂಚ ಕೊಂಚವೇ ಉಲ್ಟಾ ತಿರುಗಿ, ತೋಳು ಮುಂದೆ ಸರಿಯಿತು. ಶುಭಾಂಗಿ ಅಡ್ಡಡ್ಡ ಹೊರಳಿ ಈಚೆ ಬಂದು ನೆಲಕ್ಕೆ ಕುಸಿದಳು.

"ದೇವ್ರು ಮಲಗಿದ್ದಾಗ ಅಳದೆ, ಕಾಕಾ," ಎಂದಳು.

"ಎಬ್ಬಸಬ್ಯಾಡ್ರಿ ಅಂದಾಂವ ನಾನ ಅಲ್ಲೇನ, ತಂಗಿ," ಎಂದ ಬಾಳಪ್ಪ.

ನನ್ನನ್ನು ಹೊರಗೆ ತೆಗೆಯಲು ಗೋಡೆ ಒಡೆಯಬೇಕು, ಅರ್ಧ ಶೆಡ್ಡು ಕದಲಿಸಬೇಕು. ಸಾವ್ಕಾರರು ಒಪ್ಪಲಿಲ್ಲ. ಬೆನ್ನ ಹಿಂದೆ ಕಬ್ಬಿಣದ ಜಾಲರಿ ಬಿಗಿದು ತೋಳಿನ ಓಟ ಅರ್ಧ ಮಾಡಿದರು. ಅಂದಿನಿಂದ ಈ ಮೂಲೆಯಲ್ಲಿ ಚಿಲ್ಲರೆ ತುಣುಕು ಕೆರೆಯುತ್ತಾ ಮುದುಕನಾದೆ. ಮೈಮುರಿಯಲೂ ಎಡೆಯಿಲ್ಲ.

ಈಗ ಖಂಡೇಪೂಜೆಗೆ ಬಾಳಪ್ಪ ಮೊದಲು ನನ್ನನ್ನು ಒಮ್ಮೆ ಓಡಿಸಿ, ಆಮೇಲೆ ಮಾಲೆ ಹಾಕುತ್ತಾನೆ. ಶುಭಾಂಗಿ ಮಾಡುವ ಪ್ರತಿ ನಕ್ಷೆಯಲ್ಲೂ ನನ್ನಂಥವರ ನೀಲಿ ಡಬ್ಬಿಯ ಹಿಂದೆ ಒಂದು ಹಳದಿ ಡಬ್ಬಿ ಇರುತ್ತದಂತೆ. ತೋಳು ಚಾಚಲು ಬಿಟ್ಟ ಜಾಗ, ಅಲ್ಲಿ ಯಾರೂ ನಿಲ್ಲುವಂತಿಲ್ಲ.

ಪಕ್ಕದ ಲೇಥ್ ಯಂತ್ರಕ್ಕೆ ಹೇಳುತ್ತಿರುತ್ತೇನೆ: ಕಂಪ್ಯೂಟರಿನಲ್ಲಿ ನನ್ನದೊಂದು ಜಾಗವಿದೆ ಕಣಯ್ಯಾ, ಆಕಾಶದಷ್ಟು ದೊಡ್ಡದು.

ನಿಜ ಹೇಳಬೇಕೆಂದರೆ, ಅದು ಒಬ್ಬ ಹುಡುಗಿ ನಿಂತು ಉಸಿರಾಡುವಷ್ಟು.