ಪಟದೊಳಗಿನ ಗಾಡಿಯವನು

ನಡುಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ದೀಪದ ಬತ್ತಿ ಹೊಸೆಯುತ್ತಿದ್ದರು. ಅವರ ತಲೆಯ ಮೇಲೆ, ಗೋಡೆಯ ಮೊಳೆಯಲ್ಲಿ, ಎರಡಂಗೈ ಅಗಲದ ಹಳೆಯ ಎಣ್ಣೆಬಣ್ಣದ ಪಟ ತೂಗುತ್ತಿತ್ತು. ಒಂದು ಬೋಳುಮರ, ಒಂದು ಪುಟ್ಟ ಮನೆ, ನೆಲವೂ ಸೂರೂ ಬೆಳ್ಳಗೆ. ಏರುದಾರಿಯಲ್ಲಿ ಕುದುರೆಗಾಡಿ, ಅದರ ಪಕ್ಕದಲ್ಲೇ ನಡೆಯುತ್ತಿರುವ ಗಾಡಿಯವನು.

ಪಟ ಸೊಸೆ ಗುರುಶಾಂತಮ್ಮನ ತವರಿನದು. ಅವಳ ಅಪ್ಪ ತರೀಕೆರೆಯ ತೀರ್ಥಪ್ಪ ಬಾಡಿಗೆಗೆ ಎತ್ತಿನಗಾಡಿ ಹೊಡೆಯುವವನು. ಕೆಮ್ಮಣ್ಣುಗುಂಡಿಗೆ ಅವನ ಗಾಡಿಯಲ್ಲೇ ಬಂದಿದ್ದ ಸಾಹೇಬನೊಬ್ಬ ತನ್ನ ಸೀಮೆಗೆ ಹಿಂತಿರುಗುವಾಗ ಈ ಪಟವನ್ನು ಅವನಿಗೆ ಕೊಟ್ಟಿದ್ದ. ಮಗಳ ಮದುವೆಯಲ್ಲಿ ತೀರ್ಥಪ್ಪ ಅದನ್ನು ಪಂಚೆಯಲ್ಲಿ ಸುತ್ತಿ ಅವಳ ಪೆಟ್ಟಿಗೆಗೆ ಹಾಕಿದ.

ಅಜ್ಜಂಪುರದ ಈ ಮನೆಯವರದು ಎರೆಹೊಲ, ಹತ್ತಿ ಬೆಳೆ. ಹಾಗಾಗಿ ಅತ್ತೆ ಕರಿಬಸಮ್ಮನ ಕಣ್ಣಿಗೆ ಆ ಬಿಳುಪೆಲ್ಲ ಹತ್ತಿಯಾಗಿಯೇ ಕಂಡಿತು. “ನೋಡೇ, ಇಡೋಕೆ ಜಾಗ ಸಾಲ್ದೆ ಮನೆ ಮ್ಯಾಲೂ ಹರವವ್ರೆ!” ಎಂದು ತಾನೇ ಮೊಳೆ ಹೊಡೆಸಿದಳು. ಪಟಕ್ಕೆ ನಡುಮನೆ ಸಿಕ್ಕಿತು. ತೀರ್ಥಪ್ಪ ಮಾತ್ರ ಬಂದಾಗಲೆಲ್ಲ ಜಗಲಿಯಲ್ಲೇ ಕೂತು ನೀರು ಕುಡಿದು ಹೋಗುತ್ತಿದ್ದ. ಬಾಡಿಗೆ ಗಾಡಿ ಹೊಡೆಯುವವನೆಂದು ಒಳಗೆ ಬಾ ಎಂದವರಿಲ್ಲ. ಗುರುಶಾಂತಮ್ಮನಿಗೆ ಅದೊಂದೇ ಸಂಕಟ.

ಇಬ್ಬರೂ ಬತ್ತಿ ಹೊಸೆಯುತ್ತಿರುವಾಗಲೇ ಕಡೂರಿನ ಹತ್ತಿ ವ್ಯಾಪಾರಿ ಚನ್ನಬಸಪ್ಪ ಸೀದಾ ನಡುಮನೆಗೆ ಬಂದ. ಪಟಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

“ಏನ್ ಬೆಳೆ ಕಣಕ್ಕಾ! ಯಾರ ಹೊಲ?”

“ನಮ್ದೇ ಅನ್ಕೊಳಪ್ಪ,” ಕರಿಬಸಮ್ಮ ನಕ್ಕಳು.

“ಹಂಗಾದ್ರೆ ಈ ಗಾಡಿಯೋನು?”

“ನಮ್ಮ ಆಳು.”

ಗುರುಶಾಂತಮ್ಮನ ಕೈಯಲ್ಲಿ ಬತ್ತಿ ನಿಂತಿತು.

“ಆಳಲ್ಲ ಅತ್ತೆ. ಗಾಡಿ ಅವ್ನದೇ.”

ಹೊರಗಿನವರೆದುರು ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

“ಓಹೋ! ನಿನ್ನ ನೆಂಟನೇನೇ ಅವ್ನು?” ಕರಿಬಸಮ್ಮ ಕೆಣಕಿದಳು.

“ಸಾಹೇಬ್ರ ತಾತ ಅಂತೆ. ಅದು ಹತ್ತಿನೂ ಅಲ್ಲ. ಅವ್ರ ಊರಲ್ಲಿ ಚಳಿಗಾಲಕ್ಕೆ ಮಂಜು ಹಿಟ್ಟಿನಂಗೆ ಉದುರಿ ಮೊಣಕಾಲುದ್ದ ಬೀಳ್ತದಂತೆ. ಹೊರೆ ಭಾರ, ದಾರಿ ಏರು, ಅದ್ಕೇ ಇಳ್ದು ನಡೀತಾನೆ. ನಮ್ಮಪ್ಪಯ್ಯನೂ ಘಾಟಿ ಏರೋವಾಗ ಒಂದಿನಾನೂ ಗಾಡೀಲಿ ಕೂತೋರಲ್ಲ, ಎತ್ತಿನ ಜೊತೆ ನಡ್ದೇ ಹತ್ತಿದ್ದು. ಅದನ್ನ ನೋಡೇ ಸಾಹೇಬ್ರು, ನಮ್ಮ ತಾತನ್ನ ನೀನೇ ಇಟ್ಕೊ ಅಂದ್ರಂತೆ.”

ಚನ್ನಬಸಪ್ಪ ಮತ್ತೊಮ್ಮೆ ಬಗ್ಗಿದ. ಗಾಡಿಯವನ ಒಂದು ಕೈ ಕುದುರೆಯ ಕತ್ತಿನ ಮೇಲಿತ್ತು.

“ಹೌದಲ್ಲಕ್ಕಾ! ಹತ್ತಿಯಾಗಿದ್ರೆ ಹಿಂಗೆ ತುಳ್ಕೊಂಡು ಹೋಗ್ತಿದ್ನಾ? ನೀನು ಬಿಡ್ತಿದ್ಯಾ?”

ಕರಿಬಸಮ್ಮನ ಮುಖ ಕೆಂಪೇರಿತು. ಆದರೂ ಪಟ ಇಳಿಸು ಎನ್ನಲಿಲ್ಲ. ಗುರುಶಾಂತಮ್ಮ ಎದ್ದು ನಿಂತು, ಸೆರಗಿನಿಂದ ಗಾಡಿಯವನ ಮೇಲಿನ ಧೂಳು ಒರೆಸಿದಳು. ಈಗ ಅವಳ ತಲೆ ತಗ್ಗಿರಲಿಲ್ಲ.

“ನಾಡಿದ್ದು ಸಂತೆಗೆ ಅಪ್ಪಯ್ಯ ಬತ್ತಾರೆ ಅತ್ತೆ. ಅವ್ರನ್ನ ಒಳಗೆ ಕರ್ದು ಈ ಪಟದ ಕೆಳಗೆ ಕೂರ್ಸಿ.”

“ಹಂಗಾದ್ರೆ ಅಲ್ಲೇ ಚಾಪೆ ಹಾಸಿಡು,” ಎಂದು ಕರಿಬಸಮ್ಮ ಮೊರದಿಂದ ಇನ್ನೊಂದು ಎಳೆ ಹತ್ತಿ ತೆಗೆದುಕೊಂಡಳು.