ಷರಾ: ತೆಗೆಯುವುದು

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ತಿಪಟೂರಿನ ಒಂದು ತೆಂಗು ಬೆಳೆಗಾರರ ಸಂಘದವರು ತಮ್ಮ ಸರ್ವರ್ ಬದಲಾಯಿಸುವ ಕೆಲಸವನ್ನು ಉಮರ್ ಫಾರೂಖ್‌ಗೆ ಒಪ್ಪಿಸಿದರು. ಹನ್ನೊಂದು ಕಂಪ್ಯೂಟರು, ಒಂದು ಮುದಿ ಸರ್ವರು. ಯಾರು ಯಾವ ಫೋಲ್ಡರ್ ನೋಡಬಹುದು, ಯಾರು ನೋಡಬಾರದು ಎಂಬ ಡೊಮೇನಿನ ಕಟ್ಟುಪಾಡೆಲ್ಲ ಆ ಮುದುಕನ ಹೊಟ್ಟೆಯಲ್ಲಿತ್ತು. ಕಾರ್ಯದರ್ಶಿ ಗಿರಿಜಾಂಬಿಕಾ ಮೊದಲೇ ಹೇಳಿಬಿಟ್ಟಿದ್ದರು: "ಹೊಸ ಡೊಮೇನಾದ್ರೂ ಮಾಡಿ, ಇನ್ನೊಂದಾದ್ರೂ ಮಾಡಿ. ಸೋಮವಾರ ಬೆಳಿಗ್ಗೆ ಒಬ್ರೂ ನನ್ ಫೈಲ್ ಕಾಣ್ತಿಲ್ಲ ಅನ್ನಬಾರ್ದು ಕಣ್ರೀ."

ಉಮರ್ ಅವಸರದ ಆಸಾಮಿಯಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ತನ್ನ ರಿಪೇರಿ ಅಂಗಡಿಯಲ್ಲಿ ಕೂತು ಎರಡು ವಾರ ಯೋಚಿಸಿದ. ಹಳೆಯದು ಓಡುತ್ತಿರುವಾಗಲೇ ಹೊಸ ಸರ್ವರನ್ನು ಪಕ್ಕದಲ್ಲಿ ನಿಲ್ಲಿಸುವುದು, ಭಾನುವಾರ ಫೋಲ್ಡರುಗಳನ್ನು ಸಾಗಿಸುವುದು, ಹತ್ತು ದಿನ ತಕರಾರು ಬರದಿದ್ದರೆ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಕ್ಕೇ ಜೋಡಿಸುವುದು. ಬೇರೆ ಡಿಸ್ಕ್ ಕೊಡಿಸಲು ಸಂಘ ಒಪ್ಪಿರಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ನಿಮ್ಮ ಫೋಲ್ಡರನ್ನು ಏನು ಮಾಡಬೇಕೋ ಷರಾ ಕಾಲಂನಲ್ಲಿ ಬರೆಯಿರಿ ಎಂದ. ಎಲ್ಲರೂ 'ಇರಲಿ' ಎಂದು ಬರೆದರು. ಗಂಗಯ್ಯನವರು ಮಾತ್ರ ದುಂಡಗೆ 'ತೆಗೆಯುವುದು' ಎಂದು ಬರೆದು, ಸಹಿ ಹಾಕಿ, ಕಣ್ಣಿನ ಆಪರೇಷನ್ನಿಗೆ ರಜೆ ಹೋದರು.

ಈ ಗಂಗಯ್ಯನವರು ಸಂಘದ ತೋಟ ತಿರುಗುವ ನೌಕರರು, ತಿಂಗಳ ಕೊನೆಗೆ ನಿವೃತ್ತರಾಗುವವರು. ತೆಂಗಿಗೆ ನುಸಿ ಬಿದ್ದಂದಿನಿಂದ ಆರು ವರ್ಷ ಲೂನಾ ಮೇಲೆ ಹೊನ್ನವಳ್ಳಿಯಿಂದ ಹಂದನಕೆರೆವರೆಗೂ ಅಲೆದು, ನುಸಿಗೆ ಜಗ್ಗದೆ ಕಾಯಿ ಕಟ್ಟುವ ಮರಗಳನ್ನು ಒಂದೊಂದಾಗಿ ಗುರುತಿಸಿದ್ದರು. ಆ ಪಟ್ಟಿ ಅವರ ಫೋಲ್ಡರಿನಲ್ಲಿತ್ತು, ಬೇರೆ ಯಾರಿಗೂ ತೆರೆಯುತ್ತಿರಲಿಲ್ಲ. ಕೇಳಿದರೆ, "ಪೂರ್ತಿ ಆಗ್ಲಿ ತಡೀರಿ, ಅರ್ಧಂಬರ್ಧ ಕೊಟ್ರೆ ಜನ ಯಾವ್ದೋ ಮರದ ಕಾಯಿ ಬಿತ್ತಾರೆ" ಎನ್ನುತ್ತಿದ್ದರು. ಕಚೇರಿಯವರು ಬೆನ್ನ ಹಿಂದೆ ಜಿಪುಣ ಎನ್ನುತ್ತಿದ್ದರು.

ಹಾಳೆ ನೋಡಿ ಉಮರ್‌ಗೆ ಆಶ್ಚರ್ಯವೇ ಆಯಿತು. ಆದರೂ ಕೆಲಸ ಬಿಟ್ಟು ಹೋಗುವ ಮನುಷ್ಯ ತನ್ನದನ್ನು ತೆಗೆದುಹಾಕಿ ಅಂದರೆ ಬೇಡ ಅನ್ನಲು ತಾನ್ಯಾರು ಅಂದುಕೊಂಡ. ಹೊನ್ನವಳ್ಳಿಯ ಅವರ ಮನೆಗೆ ಒಂದು ಫೋನ್ ಮಾಡಬಹುದಿತ್ತು. ಎರಡು ವಾರ ತಲೆ ಕೆಡಿಸಿಕೊಂಡ ಭೂಪನಿಗೆ ಅದೊಂದು ಹೊಳೆಯಲಿಲ್ಲ, ಏನನ್ನೋಣ!

ಭಾನುವಾರ ಅದೊಂದನ್ನು ಬಿಟ್ಟು ಉಳಿದ ಫೋಲ್ಡರುಗಳನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿದ. ಸೋಮವಾರ ಒಂದು ನಿಮಿಷವೂ ಕೆಲಸ ನಿಲ್ಲಲಿಲ್ಲ. ಹತ್ತು ದಿನ ಕಾದು ಉಮರ್ ಹಳೆಯ ಡಿಸ್ಕನ್ನು ಅಳಿಸಿದ. ಹನ್ನೆರಡನೇ ದಿನ ಅವನು ಸರ್ವರ್ ಕೋಣೆಯಲ್ಲಿದ್ದಾಗ ಗಂಗಯ್ಯನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು.

"ನಂದು ತೆಗೆದ್ರೇನಪ್ಪಾ?"

"ತೆಗೆದೆ ಸಾರ್, ಮೊನ್ನೇನೇ."

"ಎಲ್ರೂ ನೋಡಿದ್ರಾ?"

"ಏನ್ನ ಸಾರ್?"

"ಮರದ ಪಟ್ಟಿ ಕಣಪ್ಪ. ಪೂರ್ತಿ ಆಯ್ತಲ್ಲ, ಇನ್ಯಾಕೆ ಬೀಗ? ಎಲ್ರಿಗೂ ತೆಗೆದುಬುಡಿ ಅಂತ ಬರ್ದಿದ್ನಲ್ಲ."

ಉಮರ್‌ಗೆ ಆಗ ಅರ್ಥವಾಯಿತು. ಬಾಗಿಲು ತೆಗೆ ಎಂದರೂ ಕಸ ತೆಗೆ ಎಂದರೂ ಅದೇ ಮಾತು. ತಡವರಿಸುತ್ತಾ ಆದದ್ದೆಲ್ಲ ಹೇಳಿದ. ಗಂಗಯ್ಯನವರು ಸ್ಟೂಲು ಎಳೆದುಕೊಂಡು ಕೂತರು.

"ಬರ್ಕೊಂಡಿದ್ ಪುಸ್ತಕ ಇರ್ಬೇಕಲ್ವಾ ಸಾರ್?"

"ಗೆದ್ದಲು ಹತ್ತಿತ್ತು. ಹೆಂಗೂ ಕಂಪ್ಯೂಟರ್ನಾಗೈತೆ ಅಂತ ಹಂಡೆ ಒಲೆಗೆ ಹಾಕ್ದೆ."

ಅಷ್ಟರಲ್ಲಿ ಗಿರಿಜಾಂಬಿಕಾ ಒಳಗೆ ಬಂದರು. "ಗಂಗಯ್ಯನೋರೇ, ಸಸಿ ಮಡಿಗೆ ಬೀಜದ ಕಾಯಿ ಆರಿಸ್ಬೇಕು. ನಿಮ್ ಫೋಲ್ಡರೇ ಕಾಣ್ತಿಲ್ಲವಲ್ಲ?"

ಗಂಗಯ್ಯನವರು ಉಮರ್ ಕಡೆ ಒಮ್ಮೆ ತಿರುಗಿದರು. "ತೆಗೀರಿ ಅಂತ ನಾನೇ ಬರ್ದುಕೊಟ್ಟಿದ್ದೆ ಕಣಮ್ಮ" ಎಂದರು.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಿರಿಜಾಂಬಿಕಾ ಹಾಳೆ ತರಿಸಿ ಓದಿದರು. ಮುಖ ಕೆಂಪಾಯಿತು. "ಹೋಗೋ ಕಾಲ್ದಲ್ಲೂ ಯಾರಿಗೂ ಸಿಗಬಾರ್ದು ಅಂದ್ರಲ್ಲ, ದೊಡ್ಡ ಮನುಷ್ಯರು ಬಿಡಿ."

ಉಮರ್‌ಗೆ ನಾಚಿಕೆಯಾಯಿತು. ಬಾಯಿ ಬಿಟ್ಟರೆ ಈ ಕಚೇರಿಯಷ್ಟೇ ಅಲ್ಲ, ಊರಿನ ಇನ್ಯಾವ ಕಚೇರಿಯೂ ತನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಳೋಣವೆಂದು ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡ. ಗಂಗಯ್ಯನವರು ಗೋಡೆ ಹಿಡಿದುಕೊಂಡು ಎದ್ದು, ಯಾರನ್ನೂ ನೋಡದೆ ಹೊರಟರು.

"ಅವರ ಬುದ್ಧಿ ಹಂಗೆ, ನೀವೇನು ಮಾಡೋಕಾಗುತ್ತೆ" ಎಂದರು ಗಿರಿಜಾಂಬಿಕಾ. "ನಿಮ್ ಕೆಲಸದಲ್ಲಂತೂ ಒಂದು ತಪ್ಪಿಲ್ಲ ಕಣ್ರೀ."

"ಥ್ಯಾಂಕ್ಸ್ ಮೇಡಂ" ಎಂದ ಉಮರ್.